ಬೆನಿಫಿಟ್ ಪಡೆಯುವವರಿಗೆ ಮನೆ ಇಲ್ಲ ಎಂದಾಗ: ಇಂಗ್ಲೆಂಡಿನ ಬಾಡಿಗೆದಾರರಿಗೊಂದು ಸಮಗ್ರ ಮಾರ್ಗದರ್ಶಿ

ಇಂಗ್ಲೆಂಡಿನಲ್ಲಿ ಬಾಡಿಗೆ ಮನೆ ಹುಡುಕಿದವರೆಲ್ಲ ಒಮ್ಮೆಯಾದರೂ ಕಂಡಿರುವ ಸಾಲು 'ನೋ ಡಿಎಸ್‌ಎಸ್'. ಸರ್ಕಾರದ ನೆರವಿನ ಹಣದಲ್ಲಿ ಬಾಡಿಗೆ ಕಟ್ಟುವವರು ಈ ಮನೆ ಕೇಳಬೇಡಿ ಎಂಬುದು ಅದರ ತಾತ್ಪರ್ಯ. ಡಿಎಸ್‌ಎಸ್ ಎಂದರೆ ಆ ನೆರವು ನೋಡಿಕೊಳ್ಳುತ್ತಿದ್ದ ಡಿಪಾರ್ಟ್‌ಮೆಂಟ್ ಆಫ್ ಸೋಷಿಯಲ್ ಸೆಕ್ಯುರಿಟಿ. ಆ ಇಲಾಖೆ 2001ರಲ್ಲೇ ಇಲ್ಲವಾಗಿ ಅದರ ಜಾಗಕ್ಕೆ ಡಿಡಬ್ಲ್ಯುಪಿ (ಡಿಪಾರ್ಟ್‌ಮೆಂಟ್ ಫಾರ್ ವರ್ಕ್ ಅಂಡ್ ಪೆನ್ಷನ್ಸ್) ಬಂದರೂ ಜಾಹೀರಾತಿನ ಸಾಲು ಮಾತ್ರ ಉಳಿದುಕೊಂಡಿತು. 2019ರಲ್ಲಿ ಮನೆಗಳ ಜಾಹೀರಾತು ಪ್ರಕಟಿಸುವ ಝೂಪ್ಲಾ ತನ್ನ ಜಾಲತಾಣದಲ್ಲಿ ಇಂಥ ಸಾಲುಗಳನ್ನು ನಿಷೇಧಿಸಿದ ಮೇಲೆ ಅದು ವೇಷ ಬದಲಿಸಿತು. 'ಪ್ರೊಫೆಷನಲ್ಸ್ ಓನ್ಲಿ' ಎಂದಾಯಿತು, 'ಮಾಲೀಕರ ವಿಮೆ ಒಪ್ಪುವುದಿಲ್ಲ' ಎಂದಾಯಿತು, ಕೊನೆಗೆ ಫೋನಿನಲ್ಲಿ 'ಯೂನಿವರ್ಸಲ್ ಕ್ರೆಡಿಟ್' (ಕಡಿಮೆ ಆದಾಯದವರಿಗೆ ಸರ್ಕಾರ ತಿಂಗಳಿಗೊಮ್ಮೆ ಕೊಡುವ ನೆರವು) ಎಂಬ ಮಾತು ಕಿವಿಗೆ ಬಿದ್ದ ಕೂಡಲೇ ಮನೆ ಆಗಲೇ ಹೋಯಿತು ಎನ್ನುವ ಉತ್ತರವಾಯಿತು.

ಕಾನೂನು ಈಗ ಬಾಡಿಗೆದಾರರ ಪರವಾಗಿ ಸಾಕಷ್ಟು ವಾಲಿದೆ. ಆದರೆ ಅದು ನೆರವಿಗೆ ಬರುವುದು ನಿರಾಕರಣೆಯ ಕಾರಣ ಕಾಗದದ ಮೇಲೆ ಇದ್ದಾಗ ಮಾತ್ರ. ಆದ್ದರಿಂದ ಈ ಮಾರ್ಗದರ್ಶಿಯ ಬಹುಪಾಲು ಎರಡು ಕೆಲಸಗಳ ಸುತ್ತ ಇದೆ: ಬಾಡಿಗೆ ಕಟ್ಟುವ ಶಕ್ತಿ ಇದೆಯೆಂದು ಲೆಕ್ಕ ಸಮೇತ ಮೊದಲೇ ತೋರಿಸುವುದು, ಹಾಗೂ ಅದರ ಮೇಲೂ ಬೇಡವೆಂದರೆ ಏಕೆ ಬೇಡ ಎಂಬುದನ್ನು ಬರವಣಿಗೆಯಲ್ಲಿ ಪಡೆಯುವುದು. ಇಲ್ಲಿ ಹೇಳಿರುವುದು ಇಂಗ್ಲೆಂಡಿಗೆ ಸಂಬಂಧಿಸಿದ್ದು. ಸ್ಕಾಟ್ಲೆಂಡ್, ವೇಲ್ಸ್ ಮತ್ತು ಉತ್ತರ ಐರ್ಲೆಂಡಿನ ಬಾಡಿಗೆ ಕಾನೂನುಗಳು ಬೇರೆ.

ಕಾನೂನು ಹೇಳುವುದೇನು

ಎರಡು ಕಾಯ್ದೆಗಳನ್ನು ಬೇರೆಬೇರೆಯಾಗಿ ಅರ್ಥಮಾಡಿಕೊಳ್ಳಬೇಕು, ಏಕೆಂದರೆ ಅವು ಹೋಗುವ ದಾರಿಗಳೇ ಬೇರೆ.

ಮೊದಲನೆಯದು 2010ರ ಈಕ್ವಾಲಿಟಿ ಆಕ್ಟ್. ಬಡತನವಾಗಲಿ, ಬೆನಿಫಿಟ್ ಪಡೆಯುವುದಾಗಲಿ ಈ ಕಾಯ್ದೆಯ ರಕ್ಷಿತ ಲಕ್ಷಣಗಳ ಪಟ್ಟಿಯಲ್ಲಿ ಇಲ್ಲ. ಆದರೆ ಮಹಿಳೆಯರು, ಅದರಲ್ಲೂ ಒಬ್ಬರೇ ಮಕ್ಕಳನ್ನು ಸಾಕುವ ತಾಯಂದಿರು, ಹಾಗೂ ಅಂಗವೈಕಲ್ಯ ಉಳ್ಳವರು ಬಾಡಿಗೆಗೆ ಸರ್ಕಾರದ ನೆರವು ಪಡೆಯುವ ಪ್ರಮಾಣ ಉಳಿದವರಿಗಿಂತ ಹೆಚ್ಚು. ಹೀಗಿರುವಾಗ 'ಬೆನಿಫಿಟ್‌ನವರು ಯಾರೂ ಬೇಡ' ಎಂಬ ಸಾರಾಸಗಟು ನಿಯಮ ಇವರ ಮೇಲೆ ಹೆಚ್ಚು ಭಾರವಾಗಿ ಬೀಳುತ್ತದೆ ಮತ್ತು ಪರೋಕ್ಷ ತಾರತಮ್ಯವಾಗುತ್ತದೆ. 2020ರ ಜುಲೈ 1ರಂದು ಯಾರ್ಕ್ ಕೌಂಟಿ ಕೋರ್ಟ್ ಇದನ್ನೇ ಘೋಷಿಸಿತು. ವಸತಿ ವಿಚಾರದಲ್ಲಿ ದುಡಿಯುವ ಶೆಲ್ಟರ್ ಎಂಬ ಸೇವಾ ಸಂಸ್ಥೆಯ ಬೆಂಬಲದಿಂದ ದಾವೆ ಹೂಡಿದ್ದ, ಸ್ವತಃ ಅಂಗವೈಕಲ್ಯವಿದ್ದು ಇಬ್ಬರು ಮಕ್ಕಳನ್ನು ಸಾಕುತ್ತಿದ್ದ ತಾಯಿಯೊಬ್ಬರನ್ನು ಏಜೆಂಟರು ಬೆನಿಫಿಟ್ ಕಾರಣಕ್ಕೆ ತಿರಸ್ಕರಿಸಿದ್ದು ಲಿಂಗ ಮತ್ತು ಅಂಗವೈಕಲ್ಯದ ಆಧಾರದ ಪರೋಕ್ಷ ತಾರತಮ್ಯ, ಕಾಯ್ದೆಯ 19 ಮತ್ತು 29ನೇ ಸೆಕ್ಷನ್‌ಗಳ ಉಲ್ಲಂಘನೆ ಎಂದು ನ್ಯಾಯಾಲಯ ಹೇಳಿತು. ಆಕೆಗೆ 3,500 ಪೌಂಡ್ ಪರಿಹಾರ ಸಿಕ್ಕಿತು. ಅದೇ ವರ್ಷದ ಸೆಪ್ಟೆಂಬರಿನಲ್ಲಿ ಬರ್ಮಿಂಗ್‌ಹ್ಯಾಮ್ ಕೌಂಟಿ ಕೋರ್ಟ್ ಅಂಗವೈಕಲ್ಯವಿದ್ದ ತಂದೆಯೊಬ್ಬರ ಪ್ರಕರಣದಲ್ಲಿ ಇದೇ ದಿಕ್ಕಿನ ತೀರ್ಪು ಕೊಟ್ಟಿತು. ಕೌಂಟಿ ಕೋರ್ಟಿನ ತೀರ್ಪು ಬೇರೆ ನ್ಯಾಯಾಲಯಗಳನ್ನು ಕಟ್ಟಿಹಾಕುವುದಿಲ್ಲವಾದರೂ ದೂರಿನ ಪತ್ರದಲ್ಲಿ ಈ ಎರಡರ ಉಲ್ಲೇಖ ಕಂಡಾಗ ಏಜೆಂಟರ ಧಾಟಿ ಬದಲಾಗುವುದುಂಟು.

ಎರಡನೆಯದು 2025ರ ರೆಂಟರ್ಸ್ ರೈಟ್ಸ್ ಆಕ್ಟ್. ಅದಕ್ಕೆ ರಾಜಸಮ್ಮತಿ ದೊರೆತದ್ದು 2025ರ ಅಕ್ಟೋಬರ್ 27ರಂದು. ಬಾಡಿಗೆ ತಾರತಮ್ಯದ ನಿಷೇಧ ಇಂಗ್ಲೆಂಡಿನಲ್ಲಿ ಅನ್ವಯವಾಗುವುದು 2026ರ ಮೇ 1ರಿಂದ. ಇಲ್ಲಿ ನೀವು ಮಹಿಳೆಯೆಂದೋ ಅಂಗವೈಕಲ್ಯ ಉಳ್ಳವರೆಂದೋ ತೋರಿಸಬೇಕಾಗಿಲ್ಲ. ಬೆನಿಫಿಟ್ ಪಡೆಯುತ್ತೀರಿ ಅಥವಾ ಜೊತೆಗೆ ಮಕ್ಕಳಿದ್ದಾರೆ ಎಂಬ ಕಾರಣಕ್ಕೆ ಮನೆಯ ಬಗ್ಗೆ ವಿಚಾರಿಸದಂತೆ, ನೋಡದಂತೆ ಅಥವಾ ಕರಾರು ಮಾಡಿಕೊಳ್ಳದಂತೆ ತಡೆದರೆ ಅದೇ ತಪ್ಪು. ಕೌನ್ಸಿಲ್, ಅಂದರೆ ಸ್ಥಳೀಯ ಆಡಳಿತ, 7,000 ಪೌಂಡ್‌ವರೆಗೆ ದಂಡ ಹಾಕಬಹುದು. ಹಾಗೆಂದು ಮಾಲೀಕರ ಕೈ ಪೂರ್ತಿ ಕಟ್ಟಿಲ್ಲ. ಬಾಡಿಗೆ ಕಟ್ಟುವಷ್ಟು ಆದಾಯ ಇದೆಯೇ ಎಂದು ಪರಿಶೀಲಿಸುವ ಹಕ್ಕನ್ನು ಕಾಯ್ದೆ ಅವರಿಗೆ ಉಳಿಸಿದೆ. ಹಳೆಯ ಸಾಲು ಜಾಹೀರಾತಿನಿಂದ ಮರೆಯಾದ ಮೇಲೆ ನಿರಾಕರಣೆ ಬಚ್ಚಿಟ್ಟುಕೊಳ್ಳುವ ಜಾಗ ಈ 'ಅಫೋರ್ಡಬಿಲಿಟಿ' ಪರಿಶೀಲನೆಯೇ ಎಂಬುದು ನನ್ನ ಅಭಿಪ್ರಾಯ. ಆದ್ದರಿಂದಲೇ ಮುಂದೆ ಲೆಕ್ಕಕ್ಕೆ ಹೆಚ್ಚು ಜಾಗ ಕೊಟ್ಟಿದ್ದೇನೆ.

ಹಂತ 1: ಬೆನಿಫಿಟ್‌ಗೆ ನೀವು ಅರ್ಹರೇ ಎಂದು ಖಚಿತಪಡಿಸಿಕೊಳ್ಳಿ

ಕನ್ನಡಿಗ ಕುಟುಂಬಗಳು ಮೊದಲು ನೋಡಬೇಕಾದದ್ದು ವೀಸಾದ ಷರತ್ತು. ಸ್ಕಿಲ್ಡ್ ವರ್ಕರ್, ಸ್ಟೂಡೆಂಟ್ ಮತ್ತು ಅವರ ಅವಲಂಬಿತರ ವೀಸಾಗಳಲ್ಲಿ ಸಾಮಾನ್ಯವಾಗಿ 'ನೋ ರಿಕೋರ್ಸ್ ಟು ಪಬ್ಲಿಕ್ ಫಂಡ್ಸ್', ಅಂದರೆ ಸರ್ಕಾರದ ನೆರವಿನ ಹಣ ಪಡೆಯುವಂತಿಲ್ಲ ಎಂಬ ಷರತ್ತು ಇರುತ್ತದೆ. ಯೂನಿವರ್ಸಲ್ ಕ್ರೆಡಿಟ್, ಹೌಸಿಂಗ್ ಬೆನಿಫಿಟ್ ಎರಡೂ ಪಬ್ಲಿಕ್ ಫಂಡ್‌ಗಳೇ. ಷರತ್ತು ಇರುವಾಗ ಅವುಗಳಿಗೆ ಅರ್ಜಿ ಹಾಕಿದರೆ ವೀಸಾದ ಷರತ್ತು ಮುರಿದಂತಾಗುತ್ತದೆ. ಐಎಲ್‌ಆರ್ (ಅನಿರ್ದಿಷ್ಟ ಕಾಲ ನೆಲೆಸುವ ಅನುಮತಿ) ಪಡೆದವರಿಗೆ ಮತ್ತು ಬ್ರಿಟಿಷ್ ಪೌರರಿಗೆ ಈ ತಡೆ ಇರುವುದಿಲ್ಲ. ದಂಪತಿಗಳಲ್ಲಿ ಒಬ್ಬರಿಗೆ ಮಾತ್ರ ತಡೆ ಇದ್ದರೆ, ಅರ್ಜಿ ಹಾಕುವ ಮುನ್ನ ವಲಸೆ ಕಾನೂನು ತಿಳಿದವರನ್ನು ಕೇಳಿಯೇ ಮುಂದುವರಿಯಿರಿ. ವಲಸೆ ಸ್ಥಿತಿ ತೋರಿಸುವ ಆನ್‌ಲೈನ್ ಶೇರ್ ಕೋಡ್ ಕೇಳಿ ಏಜೆಂಟರು ಮಾಡುವ 'ರೈಟ್ ಟು ರೆಂಟ್' (ಮನೆ ಬಾಡಿಗೆಗೆ ಪಡೆಯುವ ಹಕ್ಕಿನ) ತಪಾಸಣೆಗೂ ಬೆನಿಫಿಟ್‌ಗೂ ಸಂಬಂಧವಿಲ್ಲ. ಅದು ಎಲ್ಲ ಬಾಡಿಗೆದಾರರಿಗೂ ಕಡ್ಡಾಯ, ಅದಕ್ಕೆ ಸಿಟ್ಟಾಗಬೇಕಿಲ್ಲ.

ದುಡಿಯುವ ವಯಸ್ಸಿನವರು ಇಂದು ಹೊಸದಾಗಿ ಅರ್ಜಿ ಹಾಕಿದರೆ ಬಾಡಿಗೆಯ ನೆರವು ಬರುವುದು ಯೂನಿವರ್ಸಲ್ ಕ್ರೆಡಿಟ್‌ನ ವಸತಿ ಭಾಗವಾಗಿ. ಹಳೆಯ ಹೌಸಿಂಗ್ ಬೆನಿಫಿಟ್ ಉಳಿದಿರುವುದು ಮುಖ್ಯವಾಗಿ ಪಿಂಚಣಿ ವಯಸ್ಸಿನವರಿಗೆ ಮತ್ತು ಕೆಲವು ಬಗೆಯ ತಾತ್ಕಾಲಿಕ ಹಾಗೂ ಆಸರೆ ವಸತಿಗಳಲ್ಲಿ ಇರುವವರಿಗೆ. ಬೆನಿಫಿಟ್ ಎಂದರೆ ಕೆಲಸವಿಲ್ಲದವರು ಎಂದು ಮಾಲೀಕರು ಭಾವಿಸುವುದುಂಟು. ಯೂನಿವರ್ಸಲ್ ಕ್ರೆಡಿಟ್ ಪಡೆಯುವವರಲ್ಲಿ ಸುಮಾರು ಮೂರನೇ ಒಂದು ಭಾಗದ ಜನ ಕೆಲಸದಲ್ಲಿ ಇರುವವರೇ.

ಹಂತ 2: ನಿಮ್ಮ ಮಿತಿ ತಿಳಿದುಕೊಂಡು ಮನೆ ಹುಡುಕಿ

ಖಾಸಗಿ ಬಾಡಿಗೆ ಮನೆಗೆ ಎಷ್ಟು ನೆರವು ಸಿಗುತ್ತದೆ ಎಂಬುದನ್ನು ಲೋಕಲ್ ಹೌಸಿಂಗ್ ಅಲವೆನ್ಸ್, ಅಂದರೆ ಎಲ್‌ಎಚ್‌ಎ, ನಿರ್ಧರಿಸುತ್ತದೆ. 2008ರಲ್ಲಿ ದೇಶದಾದ್ಯಂತ ಬಂದ ಈ ದರ ಪ್ರದೇಶದಿಂದ ಪ್ರದೇಶಕ್ಕೆ ಬೇರೆ. ಒಂದು ಪ್ರದೇಶದ ಬಾಡಿಗೆಗಳನ್ನು ಕಡಿಮೆಯಿಂದ ಹೆಚ್ಚಿಗೆ ಸಾಲಾಗಿ ನಿಲ್ಲಿಸಿದರೆ ಕೆಳಗಿನಿಂದ ಶೇ 30ರ ಜಾಗದಲ್ಲಿ ಬರುವ ಬಾಡಿಗೆಗೆ ಇದನ್ನು ಹೊಂದಿಸುತ್ತಾರೆ. ಅದಕ್ಕೆ ಕೊನೆಯ ಬಾರಿ ಹೊಂದಿಸಿದ್ದು 2024ರ ಏಪ್ರಿಲ್‌ನಲ್ಲಿ. 2025ರಲ್ಲಿ ದರ ಏರಿಸಲಿಲ್ಲ, ಬಾಡಿಗೆಗಳು ಮಾತ್ರ ಏರಿದವು. ಹೀಗಾಗಿ ನೆರವಿಗೂ ಬಾಡಿಗೆಗೂ ನಡುವೆ ಅಂತರ ಇರುವುದು ವಾಡಿಕೆಯೇ ಆಗಿದೆ.

ನಿಮ್ಮ ಪಿನ್‌ಕೋಡ್‌ನಂತಿರುವ ಪೋಸ್ಟ್‌ಕೋಡ್ ಹಾಕಿ ಸರ್ಕಾರದ ಎಲ್‌ಎಚ್‌ಎ ಪುಟದಲ್ಲಿ ದರ ನೋಡಬಹುದು. ಎಷ್ಟು ಮಲಗುವ ಕೋಣೆಯ ದರ ಸಿಗುತ್ತದೆ ಎಂಬುದಕ್ಕೆ ನಿಯಮವಿದೆ. ದಂಪತಿಗೆ ಒಂದು ಕೋಣೆ. 16 ತುಂಬಿದ ಪ್ರತಿಯೊಬ್ಬರಿಗೆ ಒಂದು. 16ರೊಳಗಿನ ಒಂದೇ ಲಿಂಗದ ಇಬ್ಬರು ಮಕ್ಕಳಿಗೆ ಸೇರಿ ಒಂದು. 10 ವರ್ಷದೊಳಗಿನ ಇಬ್ಬರು ಮಕ್ಕಳು ಹುಡುಗ ಹುಡುಗಿಯಾದರೂ ಸೇರಿ ಒಂದೇ. ಗರಿಷ್ಠ 4 ಕೋಣೆ. 35 ವರ್ಷದೊಳಗಿನ, ಒಂಟಿಯಾಗಿ ಇರುವವರಿಗೆ ಕೆಲವು ವಿನಾಯಿತಿಗಳನ್ನು ಬಿಟ್ಟರೆ ಹಂಚಿಕೊಂಡ ಮನೆಯೊಂದರ ಕೋಣೆಯ ದರ ಮಾತ್ರ ಸಿಗುತ್ತದೆ. ಇದನ್ನು ತಿಳಿಯದೆ ಮೂರು ಕೋಣೆಯ ಮನೆ ಒಪ್ಪಿಕೊಂಡು ಎರಡು ಕೋಣೆಯ ನೆರವಿನಲ್ಲಿ ಸಿಕ್ಕಿಬೀಳುವವರು ಬಹಳ.

ಬೆನಿಫಿಟ್ ಕ್ಯಾಪ್ ಎಂಬ ಇನ್ನೊಂದು ಮಿತಿಯೂ ಇದೆ. ಕುಟುಂಬಕ್ಕೆ ಬರುವ ಒಟ್ಟು ನೆರವು, 2023ರಲ್ಲಿ ನಿಗದಿಯಾದಂತೆ, ಲಂಡನ್ನಿನಲ್ಲಿ ವರ್ಷಕ್ಕೆ 25,323 ಪೌಂಡ್, ಹೊರಗೆ 22,020 ಪೌಂಡ್ ಮೀರುವಂತಿಲ್ಲ. ಸಂಬಳ ಒಂದು ಮಟ್ಟ ದಾಟಿದ್ದರೆ ಅಥವಾ ಪಿಐಪಿಯಂಥ ಅಂಗವೈಕಲ್ಯ ಭತ್ಯೆ ಬರುತ್ತಿದ್ದರೆ ಈ ಕ್ಯಾಪ್ ಅನ್ವಯಿಸುವುದಿಲ್ಲ.

ಹಂತ 3: ಆದಾಯದ ಹಾಳೆ ತಯಾರಿಸಿ

ಇದು ಎಲ್ಲಕ್ಕಿಂತ ಮುಖ್ಯವಾದ ಹಂತ. ಏಜೆಂಟರು ಬಳಸುವ ಸಾಮಾನ್ಯ ಅಳತೆಗೋಲು ಹೀಗಿದೆ: ತಿಂಗಳ ಬಾಡಿಗೆಯನ್ನು 30ರಿಂದ ಗುಣಿಸಿ, ವಾರ್ಷಿಕ ಆದಾಯ ಅಷ್ಟಾದರೂ ಇರಬೇಕು. ಕಾನೂನಿನಲ್ಲಿ ಬರೆದ ಸಂಖ್ಯೆ ಇದಲ್ಲ, ವ್ಯಾಪಾರದಲ್ಲಿ ರೂಢಿಗೆ ಬಂದದ್ದು.

ಒಂದು ಕಾಲ್ಪನಿಕ ಉದಾಹರಣೆ ತೆಗೆದುಕೊಳ್ಳೋಣ. ಕೇರ್ ಹೋಮ್‌ನಲ್ಲಿ ಅರೆಕಾಲಿಕ ಕೆಲಸ ಮಾಡುವ ತಾಯಿ, ಅವರಿಗೆ 8 ಮತ್ತು 5 ವರ್ಷದ ಇಬ್ಬರು ಮಕ್ಕಳು. ಎರಡು ಕೋಣೆಯ ಮನೆಯ ಬಾಡಿಗೆ ತಿಂಗಳಿಗೆ 1,100 ಪೌಂಡ್, ಆ ಪ್ರದೇಶದ ಎಲ್‌ಎಚ್‌ಎ 1,000 ಪೌಂಡ್ ಎಂದಿಟ್ಟುಕೊಳ್ಳಿ. ಅಳತೆಗೋಲಿನ ಪ್ರಕಾರ ಬೇಕಾದ ಆದಾಯ 33,000 ಪೌಂಡ್. ಆಕೆಯ ವಾರ್ಷಿಕ ಸಂಬಳ 13,000 ಪೌಂಡ್ ಮಾತ್ರ. ಏಜೆಂಟರು ಇಷ್ಟನ್ನೇ ನೋಡಿದರೆ ಆಕೆಗೆ ತಿಂಗಳಿಗೆ 433 ಪೌಂಡಿಗಿಂತ ಹೆಚ್ಚಿನ ಬಾಡಿಗೆಯ ಮನೆ ಸಿಗದು. ಆದರೆ ಯೂನಿವರ್ಸಲ್ ಕ್ರೆಡಿಟ್ ತಿಂಗಳಿಗೆ 1,600 ಪೌಂಡ್ ಬರುತ್ತದೆಂದರೆ ವರ್ಷಕ್ಕೆ 19,200 ಆಯಿತು. ಇಬ್ಬರು ಮಕ್ಕಳ ಚೈಲ್ಡ್ ಬೆನಿಫಿಟ್ ಸುಮಾರು 2,250. ಮೂರನ್ನೂ ಕೂಡಿದರೆ 34,450 ಪೌಂಡ್. ಅಳತೆಗೋಲು ದಾಟಿತು. ಒಂದೇ ಮನೆ, ಅದೇ ಮಹಿಳೆ, ಅದೇ ಬಾಡಿಗೆ. ನಡುವೆ ಬದಲಾದದ್ದು ಯಾವ ಹಣವನ್ನು ಆದಾಯವೆಂದು ಎಣಿಸಿದರು ಎಂಬುದಷ್ಟೇ.

ಇದರೊಂದಿಗೆ ಇನ್ನೊಂದು ಅಂಶವನ್ನೂ ಹಾಳೆಯಲ್ಲಿ ಬರೆಯಿರಿ. 30ರ ಅಳತೆ ಹುಟ್ಟಿದ್ದು ತೆರಿಗೆ ಕಡಿತಕ್ಕೆ ಮುಂಚಿನ ಸಂಬಳಕ್ಕಾಗಿ. 33,000 ಸಂಬಳದವರ ಕೈಗೆ ತೆರಿಗೆ ಮತ್ತು ನ್ಯಾಷನಲ್ ಇನ್ಶೂರೆನ್ಸ್ ಕಳೆದು ಬರುವುದು ಅದಕ್ಕಿಂತ ಸಾಕಷ್ಟು ಕಡಿಮೆ. ಯೂನಿವರ್ಸಲ್ ಕ್ರೆಡಿಟ್‌ಗೆ ತೆರಿಗೆಯಿಲ್ಲ, ಬಂದಷ್ಟೂ ಕೈಗೆ ಬರುತ್ತದೆ. ಆದ್ದರಿಂದ ಮೊತ್ತ ಅಳತೆಗಿಂತ ಸ್ವಲ್ಪ ಕಡಿಮೆ ಬಿದ್ದರೂ ತಿಂಗಳಿಗೆ ಕೈಗೆ ಬರುವ ಹಣ, ಅದರಲ್ಲಿ ಬಾಡಿಗೆಯ ಪಾಲು, ಉಳಿಯುವುದೆಷ್ಟು ಎಂದು ಮೂರು ಸಾಲಿನಲ್ಲಿ ತೋರಿಸಿದರೆ ವಾದ ಗಟ್ಟಿಯಾಗುತ್ತದೆ.

ಹಾಳೆಯ ಹಿಂದೆ ಆಧಾರಗಳನ್ನು ಲಗತ್ತಿಸಿ: ಯೂನಿವರ್ಸಲ್ ಕ್ರೆಡಿಟ್ ಆನ್‌ಲೈನ್ ಖಾತೆಯಲ್ಲಿ ಸಿಗುವ, ವಸತಿ ಭಾಗವನ್ನು ಬೇರೆಯಾಗಿ ತೋರಿಸುವ ಇತ್ತೀಚಿನ ಸ್ಟೇಟ್‌ಮೆಂಟ್, ಪೇಸ್ಲಿಪ್‌ಗಳು, ಇತರ ಭತ್ಯೆ ಇದ್ದರೆ ಅದರ ಮಂಜೂರಾತಿ ಪತ್ರ, ಈಗಿನ ಬಾಡಿಗೆ ತಪ್ಪದೆ ಹೋಗಿರುವುದು ಕಾಣುವ ಬ್ಯಾಂಕ್ ಸ್ಟೇಟ್‌ಮೆಂಟ್, ಈಗಿನ ಮಾಲೀಕರ ಒಂದು ಪತ್ರ. ಬ್ಯಾಂಕ್ ಸ್ಟೇಟ್‌ಮೆಂಟಿನ ಬಾಡಿಗೆ ಸಾಲುಗಳಿಗೆ ಹಳದಿ ಗುರುತು ಹಾಕಿ ಕಳಿಸಿ. ಕಡತ ತೆರೆದವರ ಕಣ್ಣು ಮೊದಲು ಅಲ್ಲಿಗೆ ಹೋಗಬೇಕು.

ಹಂತ 4: ಏಜೆಂಟರೊಂದಿಗೆ ಮೊದಲ ಮಾತು

ಜಾಹೀರಾತನ್ನು ದಿನಾಂಕ ಕಾಣುವಂತೆ ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಂಡು ಆಮೇಲೆ ಫೋನ್ ಮಾಡಿ. ಮನೆ ಇನ್ನೂ ಖಾಲಿ ಇದೆಯೇ, ಯಾವಾಗ ನೋಡಬಹುದು ಎಂದು ಮೊದಲು ಕೇಳಿ. ಬೆನಿಫಿಟ್ ವಿಚಾರ ಅದರ ನಂತರ ಬರಲಿ. ಇದರಿಂದ, ಬೆನಿಫಿಟ್ ಹೆಸರು ಎತ್ತುವ ಮುಂಚೆ ಮನೆ ಖಾಲಿ ಇತ್ತು ಎಂಬುದು ದಾಖಲಾಗುತ್ತದೆ. ಕರೆ ಮುಗಿದ ಕೂಡಲೇ ಸಮಯ, ಮಾತನಾಡಿದವರ ಹೆಸರು ಮತ್ತು ಅವರು ಆಡಿದ ಮಾತುಗಳನ್ನು ಇದ್ದ ಹಾಗೆಯೇ ಬರೆದಿಡಿ.

ವಿಷಯ ಮುಚ್ಚಿಡುವ ಸಲಹೆ ಕೆಲವರು ಕೊಡುತ್ತಾರೆ. ಅದು ಸರಿಯಲ್ಲ. 2019ರ ಟೆನೆಂಟ್ ಫೀಸ್ ಆಕ್ಟ್ ಪ್ರಕಾರ ಮನೆ ಹಿಡಿದಿಡಲು ಕೊಡುವ ಹೋಲ್ಡಿಂಗ್ ಡಿಪಾಸಿಟ್ ಒಂದು ವಾರದ ಬಾಡಿಗೆ ಮೀರುವಂತಿಲ್ಲ. ನಮ್ಮ ಉದಾಹರಣೆಯಲ್ಲಿ ಅದು 253 ಪೌಂಡ್ 84 ಪೆನ್ಸ್. ಮಾಲೀಕರೇ ಹಿಂದೆ ಸರಿದರೆ ಅದನ್ನು 7 ದಿನಗಳಲ್ಲಿ ಹಿಂದಿರುಗಿಸಬೇಕು. ಆದರೆ ನೀವು ತಪ್ಪು ಅಥವಾ ದಾರಿತಪ್ಪಿಸುವ ಮಾಹಿತಿ ಕೊಟ್ಟಿದ್ದೀರಿ ಎಂದಾದರೆ ಅದನ್ನು ಇಟ್ಟುಕೊಳ್ಳುವ ಅವಕಾಶ ಅವರಿಗಿದೆ. ಆದ್ದರಿಂದ ಹಣ ಕಟ್ಟುವ ಮುನ್ನವೇ ಆದಾಯದ ಹಾಳೆಯನ್ನು ಇಮೇಲ್‌ನಲ್ಲಿ ಕಳಿಸಿಬಿಡಿ. ಮನೆ ತೋರಿಸಲು ಅಥವಾ ರೆಫರೆನ್ಸ್ ಪರಿಶೀಲಿಸಲು ಶುಲ್ಕ ಕೇಳಿದರೆ ಕೊಡಬೇಡಿ, ಅದಕ್ಕೆ ಅದೇ ಕಾಯ್ದೆಯ ನಿಷೇಧವಿದೆ. ಸೆಕ್ಯುರಿಟಿ ಡಿಪಾಸಿಟ್ ಸಾಮಾನ್ಯವಾಗಿ 5 ವಾರದ ಬಾಡಿಗೆ ಮೀರುವಂತಿಲ್ಲ.

ಹಂತ 5: ಆಕ್ಷೇಪಗಳಿಗೆ ಉತ್ತರ ಸಿದ್ಧವಿರಲಿ

ಮಾಲೀಕರ ಹಿಂಜರಿಕೆ ಎಲ್ಲವೂ ಪೂರ್ವಗ್ರಹವಲ್ಲ. ಕೆಲವು ಆತಂಕಗಳಿಗೆ ಆಧಾರವಿದೆ, ಅವುಗಳಿಗೆ ಜಗಳಕ್ಕಿಂತ ವ್ಯವಸ್ಥೆಯೇ ಉತ್ತರ.

'ಬಾಡಿಗೆ ತಡವಾಗಿ ಬರುತ್ತದೆ' ಎಂಬುದು ಮೊದಲನೆಯದು. ಯೂನಿವರ್ಸಲ್ ಕ್ರೆಡಿಟ್ ತಿಂಗಳು ಮುಗಿದ ಮೇಲೆ ಬರುತ್ತದೆ, ಹೊಸ ಅರ್ಜಿಯಾದರೆ ಮೊದಲ ಹಣಕ್ಕೆ ಸುಮಾರು 5 ವಾರ ಕಾಯಬೇಕು. ನಿಮಗೆ ಹಣ ಪ್ರತಿ ತಿಂಗಳು 12ಕ್ಕೆ ಬರುವುದಾದರೆ ಬಾಡಿಗೆಯ ದಿನಾಂಕವನ್ನು 1ರ ಬದಲು 14ಕ್ಕೆ ಇಡುವಂತೆ ಕರಾರಿಗೆ ಮುನ್ನವೇ ಕೇಳಿ, ಸ್ಟ್ಯಾಂಡಿಂಗ್ ಆರ್ಡರ್ ಹಾಕಿಕೊಡಿ. ಇಷ್ಟು ಸಣ್ಣ ಬದಲಾವಣೆಯಿಂದ ಎಷ್ಟೋ ಬಾಕಿಗಳು ತಪ್ಪುತ್ತವೆ.

'ಹಣ ನಿಮ್ಮ ಕೈಗೆ ಬಂದರೆ ಖರ್ಚಾಗಿಬಿಡುತ್ತದೆ' ಎಂಬುದು ಎರಡನೆಯದು. ವಸತಿ ಭಾಗವನ್ನು ಡಿಡಬ್ಲ್ಯುಪಿ ನೇರವಾಗಿ ಮಾಲೀಕರಿಗೆ ಕಳಿಸುವ ವ್ಯವಸ್ಥೆಯಿದೆ. ಎರಡು ತಿಂಗಳ ಬಾಡಿಗೆ ಬಾಕಿಯಾದಾಗ, ಅಥವಾ ಬಾಡಿಗೆದಾರರಿಗೆ ಹಣ ನಿಭಾಯಿಸುವುದು ಕಷ್ಟವಾದಾಗ ಅದನ್ನು ಕೋರಬಹುದು. ಮಾಲೀಕರು ಬಳಸುವ ಅರ್ಜಿಗೆ ಯುಸಿ47 ಎಂದು ಹೆಸರು. ಎಲ್‌ಎಚ್‌ಎಗಿಂತ ಮೇಲಿನ ಅಂತರವನ್ನು, ನಮ್ಮ ಉದಾಹರಣೆಯ 100 ಪೌಂಡನ್ನು, ಆಗಲೂ ಬಾಡಿಗೆದಾರರೇ ಕಟ್ಟಬೇಕು.

'ನಮ್ಮ ಬ್ಯಾಂಕ್ ಸಾಲದ ಷರತ್ತು ಬಿಡುವುದಿಲ್ಲ, ವಿಮೆ ಬಿಡುವುದಿಲ್ಲ' ಎಂಬುದು ಅತಿ ಹೆಚ್ಚು ಕೇಳಿಬರುವ ನೆಪ. ರೆಂಟರ್ಸ್ ರೈಟ್ಸ್ ಆಕ್ಟ್ ಪ್ರಕಾರ ಬೆನಿಫಿಟ್‌ನವರಿಗೆ ಮನೆ ಕೊಡಬಾರದೆನ್ನುವ ಅಡಮಾನ ಸಾಲದ ಷರತ್ತಿಗೆ ಬೆಲೆಯಿಲ್ಲ. ವಿಮೆಯ ವಿಷಯದಲ್ಲಿ ಮಾತ್ರ, ಕಾಯ್ದೆ ಜಾರಿಗೆ ಮುಂಚೆ ಮಾಡಿಸಿದ ಪಾಲಿಸಿಗೆ ಅದರ ಅವಧಿ ಮುಗಿಯುವವರೆಗೆ ವಿನಾಯಿತಿ ಇದೆ. ಹಾಗಾಗಿ ಈ ಮಾತು ಬಂದಾಗ ಎರಡೇ ಪ್ರಶ್ನೆ ಬರೆದು ಕಳಿಸಿ: ಆ ಷರತ್ತಿನ ಸಾಲು ಯಾವುದು, ಪಾಲಿಸಿ ನವೀಕರಣ ಎಂದು? ಉತ್ತರ ಬಾರದಿದ್ದರೆ ಅದೂ ಒಂದು ಸಾಕ್ಷ್ಯವೇ.

'ಆರು ತಿಂಗಳ ಬಾಡಿಗೆ ಮೊದಲೇ ಕೊಟ್ಟರೆ ನೋಡೋಣ' ಎಂಬ ಮಾತಿಗೂ ಕಾಲ ಮುಗಿಯಿತು. 2026ರ ಮೇ 1ರಿಂದ ಹೊಸ ಬಾಡಿಗೆಗೆ ಒಂದು ತಿಂಗಳಿಗಿಂತ ಹೆಚ್ಚಿನ ಬಾಡಿಗೆಯನ್ನು ಮುಂಗಡವಾಗಿ ಕೇಳುವಂತಿಲ್ಲ. ಜಾಹೀರಾತಿನ ಬಾಡಿಗೆಗಿಂತ ಹೆಚ್ಚು ಕೊಡುತ್ತೇವೆಂಬ ಹರಾಜನ್ನೂ ಒಪ್ಪುವಂತಿಲ್ಲ. ಬಾಡಿಗೆಗೆ ಜಾಮೀನು ನಿಲ್ಲುವ ಗ್ಯಾರಂಟರ್ ಕೇಳುವ ಅವಕಾಶ ಉಳಿದಿದೆ. ಬಂಧುಗಳಲ್ಲಿ ಯಾರಾದರೂ ಮುಂದೆ ಬಂದರೆ ಅನುಕೂಲವೇ ಹೌದು. ಆದರೆ ಉಳಿದವರನ್ನು ಕೇಳದೆ ಬೆನಿಫಿಟ್‌ನವರನ್ನು ಮಾತ್ರ ಕೇಳಿದರೆ ಆ ವ್ಯತ್ಯಾಸವನ್ನು ಟಿಪ್ಪಣಿ ಮಾಡಿಕೊಳ್ಳಿ.

ಹಂತ 6: ಬೇಡವೆಂದರೆ ಕಾರಣವನ್ನು ಬರವಣಿಗೆಯಲ್ಲಿ ಪಡೆಯಿರಿ

ನಮ್ಮವರು ಎಡವುವುದು ಇಲ್ಲಿ. ಊಟ, ಜಾತಿ, ಮದುವೆಯ ಪ್ರಶ್ನೆಗಳನ್ನು ಎದುರಿಸಿ ಬೆಂಗಳೂರಿನಲ್ಲಿ ಮನೆ ಹುಡುಕಿದವರಿಗೆ 'ಇಲ್ಲ' ಎಂದ ಕೂಡಲೇ ಮುಂದಿನ ಬೀದಿಗೆ ನಡೆಯುವ ಅಭ್ಯಾಸ ಆಗಿಹೋಗಿದೆ. ಇಂಗ್ಲೆಂಡಿನಲ್ಲಿ ಹಾಗೆ ನಡೆದುಬಿಟ್ಟರೆ ಕಾನೂನಿಗೆ ಹಿಡಿಯಲು ಏನೂ ಸಿಗುವುದಿಲ್ಲ.

ಅದೇ ದಿನ ಒಂದು ಚಿಕ್ಕ, ಸಭ್ಯ ಇಮೇಲ್ ಕಳಿಸಿ. ಇಂತಹ ವಿಳಾಸದ ಮನೆಗಾಗಿ ಇಂತಹ ದಿನ ಇಷ್ಟು ಗಂಟೆಗೆ ಇಂಥವರೊಂದಿಗೆ ಮಾತನಾಡಿದೆ, ಯೂನಿವರ್ಸಲ್ ಕ್ರೆಡಿಟ್ ಪಡೆಯುವುದರಿಂದ ಅರ್ಜಿ ತೆಗೆದುಕೊಳ್ಳಲಾಗದು ಎಂದು ತಿಳಿಸಿದಿರಿ, ನಾನು ಅರ್ಥಮಾಡಿಕೊಂಡದ್ದು ಸರಿಯೇ, ಅಲ್ಲವಾದರೆ ನಿಜವಾದ ಕಾರಣ ತಿಳಿಸಿ, ನನ್ನ ಆದಾಯದ ಹಾಳೆ ಇದರೊಂದಿಗಿದೆ, ದಯವಿಟ್ಟು ಮರುಪರಿಶೀಲಿಸಿ. ಇಷ್ಟು ಸಾಕು. ಕಾನೂನಿನ ಸೆಕ್ಷನ್‌ಗಳನ್ನು ಈ ಮೊದಲ ಪತ್ರದಲ್ಲಿ ತರಬೇಡಿ, ತಂದರೆ ಉತ್ತರ ಬರೆಯುವವರು ಎಚ್ಚರಗೊಳ್ಳುತ್ತಾರೆ. ಸಾದಾ ಪ್ರಶ್ನೆಗೆ 'ಮಾಲೀಕರು ಬೆನಿಫಿಟ್‌ನವರನ್ನು ಒಪ್ಪುವುದಿಲ್ಲ' ಎಂಬ ಸಾದಾ ಉತ್ತರ ಬರುವ ಸಾಧ್ಯತೆ ಹೆಚ್ಚು, ಆ ಒಂದು ಸಾಲೇ ಪ್ರಕರಣದ ತಿರುಳು. 'ಆದಾಯ ಸಾಲದು' ಎಂಬ ಉತ್ತರ ಬಂದರೆ ಯಾವ ಆದಾಯವನ್ನು ಎಣಿಸಿದಿರಿ, ಬೆನಿಫಿಟ್ ಸೇರಿಸಿದಿರೋ ಇಲ್ಲವೋ ಎಂದು ಮರಳಿ ಕೇಳಿ. ಸೇರಿಸಿಲ್ಲವೆಂದು ಒಪ್ಪಿದರೆ, ಅದು ಬಾಡಿಗೆ ಕಟ್ಟುವ ಶಕ್ತಿಯ ಪರೀಕ್ಷೆಯಲ್ಲ, ಬೆನಿಫಿಟ್‌ನವರನ್ನು ಹೊರಗಿಡುವ ಇನ್ನೊಂದು ಬಾಗಿಲು ಎಂದು ವಾದಿಸಲು ಆಧಾರ ಸಿಗುತ್ತದೆ.

ಹಂತ 7: ದೂರು, ಕೌನ್ಸಿಲ್, ನ್ಯಾಯಾಲಯ

ನಿರಾಕರಿಸಿದ್ದು ಏಜೆಂಟರಾದರೆ ಅವರ ದೂರು ವಿಧಾನದಂತೆ ಲಿಖಿತ ದೂರು ಕೊಡಿ. ಈಗ ಈಕ್ವಾಲಿಟಿ ಆಕ್ಟ್, ಯಾರ್ಕ್ ಮತ್ತು ಬರ್ಮಿಂಗ್‌ಹ್ಯಾಮ್ ತೀರ್ಪು, ರೆಂಟರ್ಸ್ ರೈಟ್ಸ್ ಆಕ್ಟ್ ಎಲ್ಲವನ್ನೂ ಬರೆಯಬಹುದು. ಏನು ಬೇಕೆಂಬುದನ್ನೂ ಸ್ಪಷ್ಟವಾಗಿ ಹೇಳಿ: ಮನೆ ಇನ್ನೂ ಖಾಲಿಯಿದ್ದರೆ ಅರ್ಜಿಯ ಮರುಪರಿಶೀಲನೆ, ಕ್ಷಮಾಪಣೆ, ನೀತಿಯ ಬದಲಾವಣೆ, ಪರಿಹಾರ. ಶೆಲ್ಟರ್ ಸಂಸ್ಥೆ ಇದಕ್ಕೆ ಮಾದರಿ ಪತ್ರಗಳನ್ನು ಒದಗಿಸುತ್ತದೆ. ಇಂಗ್ಲೆಂಡಿನ ಪ್ರತಿಯೊಬ್ಬ ಬಾಡಿಗೆ ಏಜೆಂಟರೂ 2014ರ ಅಕ್ಟೋಬರಿನಿಂದ, ಗ್ರಾಹಕರ ದೂರುಗಳನ್ನು ಸ್ವತಂತ್ರವಾಗಿ ವಿಚಾರಿಸುವ ಒಂದು ರಿಡ್ರೆಸ್ ಸ್ಕೀಮ್‌ನ ಸದಸ್ಯರಾಗಿರಲೇಬೇಕು. ಪ್ರಾಪರ್ಟಿ ಓಂಬುಡ್ಸ್‌ಮನ್ ಅಥವಾ ಪ್ರಾಪರ್ಟಿ ರಿಡ್ರೆಸ್, ಈ ಎರಡರಲ್ಲಿ ಯಾವುದೆಂದು ಅವರ ಜಾಲತಾಣದಲ್ಲಿ ತೋರಿಸಿರಬೇಕು. ದೂರಿಗೆ 8 ವಾರಗಳಲ್ಲಿ ತೃಪ್ತಿಕರ ಉತ್ತರ ಬಾರದಿದ್ದರೆ ಅಲ್ಲಿಗೆ ಹೋಗಬಹುದು, ಶುಲ್ಕವಿಲ್ಲ.

ಮಾಲೀಕರೇ ನೇರವಾಗಿ ಬಾಡಿಗೆಗೆ ಕೊಡುವವರಾದರೆ ಈ ದಾರಿ ಇಲ್ಲ. ಮಾಲೀಕರಿಗೂ ಓಂಬುಡ್ಸ್‌ಮನ್ ತರುವುದು ಹೊಸ ಕಾಯ್ದೆಯಲ್ಲಿದೆಯಾದರೂ ಅದು ಮುಂದಿನ ಹಂತದ ಮಾತು. ಆಗ ಹೋಗಬೇಕಾದದ್ದು ಮನೆ ಇರುವ ಪ್ರದೇಶದ ಕೌನ್ಸಿಲ್‌ಗೆ. 2026ರ ಮೇ 1 ಅಥವಾ ಅನಂತರದ ನಿರಾಕರಣೆಯಾದರೆ ಸ್ಕ್ರೀನ್‌ಶಾಟ್, ಕರೆಯ ಟಿಪ್ಪಣಿ, ಇಮೇಲ್ ಮತ್ತು ಆದಾಯದ ಹಾಳೆಯನ್ನು ಒಂದೇ ಕಡತವಾಗಿ ಖಾಸಗಿ ಬಾಡಿಗೆ ವಸತಿ ವಿಭಾಗಕ್ಕೆ ಕಳಿಸಿ. ಏಜೆಂಟರ ಮೇಲೂ ಇದೇ ದೂರು ಕೊಡಬಹುದು. ಒಂದನ್ನು ನೆನಪಿಡಿ: ದಂಡದ ಹಣ ನಿಮಗೆ ಬರುವುದಿಲ್ಲ. ಕೌನ್ಸಿಲ್ ದಾರಿ ಹಿಡಿದವರು ಪರಿಹಾರವೂ ಬೇಕೆಂದರೆ ನ್ಯಾಯಾಲಯದ ದಾರಿಯನ್ನು ಜೊತೆಜೊತೆಗೇ ಯೋಚಿಸಬೇಕು.

ಈಕ್ವಾಲಿಟಿ ಆಕ್ಟ್ ಪ್ರಕಾರ ಕೌಂಟಿ ಕೋರ್ಟಿನಲ್ಲಿ ದಾವೆ ಹೂಡಲು ಸಮಯ ಘಟನೆಯ ದಿನದಿಂದ 6 ತಿಂಗಳಿಗೆ ಒಂದು ದಿನ ಕಡಿಮೆ. ಓಂಬುಡ್ಸ್‌ಮನ್ ಉತ್ತರಕ್ಕೆ ಕಾಯುತ್ತ ಕುಳಿತರೆ ಈ ಗಡಿಯಾರ ನಿಲ್ಲುತ್ತದೆ ಎಂದು ಭಾವಿಸಬಾರದು. ಮೊದಲು ದಾವೆಪೂರ್ವ ಪತ್ರ ಕಳಿಸಿ ಉತ್ತರಕ್ಕೆ ಅವಕಾಶ ಕೊಡಬೇಕು, ಅನಂತರ ಎನ್1 ಎಂಬ ಅರ್ಜಿ. ಬೆನಿಫಿಟ್ ಪಡೆಯುವವರು ಕೋರ್ಟ್ ಶುಲ್ಕದ ವಿನಾಯಿತಿಗೆ 'ಹೆಲ್ಪ್ ವಿತ್ ಫೀಸ್' ಯೋಜನೆಯಡಿ ಕೋರಬಹುದು. ತಾರತಮ್ಯದ ಪ್ರಕರಣಗಳಿಗೆ, ಆದಾಯ ಮಿತಿಯೊಳಗಿದ್ದರೆ, ಲೀಗಲ್ ಏಡ್ ಕೂಡ ಉಂಟು. ಈಕ್ವಾಲಿಟಿ ಅಡ್ವೈಸರಿ ಅಂಡ್ ಸಪೋರ್ಟ್ ಸರ್ವೀಸ್, ಸಿಟಿಜನ್ಸ್ ಅಡ್ವೈಸ್ ಮತ್ತು ಶೆಲ್ಟರ್ ಉಚಿತ ಸಲಹೆ ಕೊಡುತ್ತವೆ. ವಕೀಲರಿಗೆ ಹಣ ತೆರುವ ಮುಂಚೆ ಇವುಗಳಲ್ಲಿ ಒಂದನ್ನಾದರೂ ಸಂಪರ್ಕಿಸಿ. ಮಹಿಳೆಯೂ ಅಲ್ಲದ, ಅಂಗವೈಕಲ್ಯವೂ ಇಲ್ಲದ ವ್ಯಕ್ತಿಗೆ ಈಕ್ವಾಲಿಟಿ ಆಕ್ಟ್ ದಾರಿ ದುರ್ಬಲ. ಅಂಥವರಿಗೆ ಕೌನ್ಸಿಲ್ ದೂರೇ ಸರಿ.

ಅಷ್ಟರಲ್ಲಿ ತಲೆಯ ಮೇಲೊಂದು ಸೂರು

ದೂರು ಗೆದ್ದರೂ ಆ ಮನೆ ಸಿಗುವುದು ಅಪರೂಪ, ಅಷ್ಟು ಹೊತ್ತಿಗೆ ಬೇರೆಯವರು ಅಲ್ಲಿ ವಾಸವಿರುತ್ತಾರೆ. ಆದ್ದರಿಂದ ಹುಡುಕಾಟ ನಿಲ್ಲಿಸಬೇಡಿ. ಈಗಿನ ಮನೆ ಬಿಡಬೇಕಾಗಿ ಬಂದು 56 ದಿನಗಳೊಳಗೆ ಬೀದಿಗೆ ಬೀಳುವ ಸಂಭವವಿದ್ದರೆ, 2017ರ ಹೋಮ್‌ಲೆಸ್‌ನೆಸ್ ರಿಡಕ್ಷನ್ ಆಕ್ಟ್ ಪ್ರಕಾರ ಅರ್ಹರಾದವರಿಗೆ ಅದನ್ನು ತಡೆಯಲು ನೆರವಾಗುವುದು ಕೌನ್ಸಿಲ್‌ನ ಕರ್ತವ್ಯ. ಕೊನೆಯ ವಾರದವರೆಗೆ ಕಾಯದೆ ಅರ್ಜಿ ಹಾಕಿ. ಡಿಪಾಸಿಟ್‌ಗೆ ಬಾಂಡ್ ಕೊಡುವ, ಮೊದಲ ತಿಂಗಳ ಬಾಡಿಗೆ ತುಂಬುವ ಯೋಜನೆಗಳು ಅನೇಕ ಕೌನ್ಸಿಲ್‌ಗಳಲ್ಲಿವೆ. ಬಾಡಿಗೆಯ ಅಂತರಕ್ಕೆ ನೆರವಾಗುತ್ತಿದ್ದ ಡಿಸ್ಕ್ರೆಷನರಿ ಹೌಸಿಂಗ್ ಪೇಮೆಂಟ್‌ನ ಜಾಗಕ್ಕೆ ಇಂಗ್ಲೆಂಡಿನಲ್ಲಿ 2026ರ ಏಪ್ರಿಲ್‌ನಿಂದ ಕ್ರೈಸಿಸ್ ಅಂಡ್ ರೆಸಿಲಿಯನ್ಸ್ ಫಂಡ್ ನಿಗದಿಯಾಗಿದೆ. ಅರ್ಜಿ ಹಾಕುವುದು ಈಗಲೂ ಕೌನ್ಸಿಲ್‌ಗೇ.

ಮನೆ ಕೊಡುವ ಕನ್ನಡಿಗರಿಗೆ

ರೆಡಿಂಗ್, ಸ್ಲೌ, ಮಿಲ್ಟನ್ ಕೀನ್ಸ್‌ನಂಥ ಊರುಗಳಲ್ಲಿ ಎರಡನೆಯ ಮನೆ ಕೊಂಡು ಬಾಡಿಗೆಗೆ ಬಿಟ್ಟಿರುವ ನಮ್ಮವರು ಇದ್ದಾರೆ, ಜಾಹೀರಾತು ಹೋಗುವುದು ವಾಟ್ಸಾಪ್ ಗುಂಪಿಗೆ. ಏಜೆಂಟರಿಲ್ಲ, ನಮ್ಮವರ ನಡುವಿನ ಮಾತು ಎಂಬ ಭಾವನೆಯಲ್ಲಿ 'ವರ್ಕಿಂಗ್ ಪ್ರೊಫೆಷನಲ್ಸ್ ಮಾತ್ರ, ಬೆನಿಫಿಟ್ ಬೇಡ, ಮಕ್ಕಳು ಬೇಡ' ಎಂದು ಬರೆದರೆ ಅದು ಗುಂಪಿನ ಸಂದೇಶವೆಂದು ಕಾಯ್ದೆ ಸುಮ್ಮನಿರುವುದಿಲ್ಲ. ಬಾಡಿಗೆ, ಡಿಪಾಸಿಟ್, ಲಭ್ಯವಿರುವ ದಿನಾಂಕ ಇಷ್ಟು ಬರೆಯಿರಿ. ಬಂದವರೆಲ್ಲರಿಗೂ ಒಂದೇ ಆದಾಯ ಪರೀಕ್ಷೆ ಇಡಿ, ಅದರಲ್ಲಿ ಬೆನಿಫಿಟ್ ಹಣವನ್ನೂ ಎಣಿಸಿ, ಆಯ್ಕೆಯ ಕಾರಣವನ್ನು ಎರಡು ಸಾಲಿನಲ್ಲಿ ದಾಖಲಿಸಿಡಿ. ನೀವೇ ವಾಸವಿರುವ ಮನೆಯ ಒಂದು ಕೋಣೆಯನ್ನು ಲಾಡ್ಜರ್‌ಗೆ ಕೊಡುವುದಾದರೆ ಬೆನಿಫಿಟ್ ಕುರಿತ ಹೊಸ ನಿಷೇಧ ಅದಕ್ಕೆ ಅನ್ವಯಿಸುವುದಿಲ್ಲ. ಮನೆ ಪೂರ್ತಿ ಬಿಟ್ಟುಕೊಟ್ಟು ನೀವು ಬೇರೆಡೆ ಇರುವುದಾದರೆ ಅನ್ವಯಿಸುತ್ತದೆ.